ಬಾಳೆ ಮೀನಿನ ಹಂಗಾಮು

ನಮ್ಮ ಮನೆಯಲ್ಲಿ ಎರಡು ಒಲೆಗಳಿದ್ದವು. ಒಂದು ಅಡುಗೆಮನೆಯೊಳಗಿನದು, ಅದು ಆಯಿಯದು. ಇನ್ನೊಂದು ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿದ್ದು, ಅದು ಮೀನಿನದು. ಆಯಿ ಅಂದರೆ ನನ್ನ ಅಪ್ಪನ ತಾಯಿ. ಆಕೆಯ ಗಂಡ, ನಮ್ಮ ಮುತ್ಯಾ, ತೀರಿಕೊಂಡ ವರ್ಷ ಆಕೆ ಶಿವಯೋಗ ಮಂದಿರಕ್ಕೆ ಹೋಗಿ ದೀಕ್ಷೆ ತೆಗೆದುಕೊಂಡು ಬಂದಿದ್ದಳು. ಅಂದಿನಿಂದ ಮೀನು, ಮೀನಿನ ಗಡಿಗೆ, ಮೀನು ತಿಂದ ಬಾಯಿ ಯಾವುದೂ ಹಿತ್ತಲ ಬಾಗಿಲು ದಾಟಿ ಒಳಗೆ ಬರುವ ಹಾಗಿರಲಿಲ್ಲ. ತಿಂದವರು ಬಾವಿಕಟ್ಟೆಯ ಮೇಲೆ ಸ್ನಾನ ಮಾಡಿ, ಬಾಯಿ ಮುಕ್ಕಳಿಸಿ, ಒಣ ಬಟ್ಟೆ ಉಟ್ಟೇ ಬರಬೇಕು. ಇದಕ್ಕಿಂತ ಬಿಗಿಯಾದ ಇನ್ನೊಂದು ಕಟ್ಟಳೆ ಇತ್ತು. ಮೀನು ಮುಟ್ಟಿದ ಕೈ ಆ ದಿನ ಮಗ್ಗ ಮುಟ್ಟಬಾರದು. ಎಷ್ಟು ತಿಕ್ಕಿ ತೊಳೆದರೂ ಸರಿಯೆ, ಮರುದಿನದ ತನಕ ಕಾಯಬೇಕು. ರೇಷ್ಮೆಗೆ ವಾಸನೆ ಹತ್ತಿದರೆ ಹೋಗುವುದಿಲ್ಲ ಎಂದು ಆಯಿ ಒಮ್ಮೆ ಹೇಳುತ್ತಿದ್ದಳು, ಮಗ್ಗ ಅಂದರೆ ದೇವರು ಎಂದು ಇನ್ನೊಮ್ಮೆ ಹೇಳುತ್ತಿದ್ದಳು. ಎರಡರಲ್ಲಿ ಯಾವುದು ನಿಜವಾದ ಕಾರಣವೋ ನನಗೆ ಇವತ್ತಿಗೂ ಗೊತ್ತಿಲ್ಲ. ಆದರೆ ಆ ಕಟ್ಟಳೆ ಇಲ್ಲದಿದ್ದರೆ ನಾನೀಗ ಬರೆಯಹೊರಟಿರುವುದು ನಡೆಯುತ್ತಿರಲಿಲ್ಲ.

ಇಳಕಲ್‌ನ ನಮ್ಮ ಓಣಿಯ ಎಲ್ಲ ಮನೆಗಳ ಹಾಗೆ ನಮ್ಮಲ್ಲೂ ದೊಡ್ಡ ಕೋಣೆ ಮಗ್ಗಕ್ಕೇ ಮೀಸಲು. ಉಳಿದ ಜಾಗದಲ್ಲಿ ನಾವು ಉಂಡು ಮಲಗುತ್ತಿದ್ದೆವು. ನೆಲದಲ್ಲಿ ಕುಣಿ, ಕುಣಿಯಲ್ಲಿ ಇಳಿಬಿಟ್ಟ ಅಪ್ಪನ ಕಾಲು, ಓಣಿಯ ಕಡೆಗೆ ಒಂದೇ ಕಿಟಕಿ, ಗೋಡೆಯ ಪಕ್ಕ ಅವ್ವ ನೂಲು ಸುತ್ತುವ ರಾಟಿ. ನಮ್ಮ ಕಡೆಯ ಸೀರೆಯನ್ನು ಬಲ್ಲವರಿಗೆ ಗೊತ್ತು, ಅದರ ಮೈಯ ಹಾಸು, ಅಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಮೈ ಹತ್ತಿಯದು, ಸೆರಗು ಕೆಂಪು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಜೋಡಿಸಬೇಕು. ಗಂಟು ಹಾಕಿ ಅಲ್ಲ, ಒಂದು ಎಳೆಯ ಕುಣಿಕೆಯೊಳಗೆ ಇನ್ನೊಂದು ಎಳೆಯ ಕುಣಿಕೆ ತೂರಿಸಿ. ಇದಕ್ಕೆ ಕೊಂಡಿ ಹಾಕುವುದು ಎನ್ನುತ್ತೇವೆ. ಪ್ರತಿ ಸೀರೆಗೂ ಹೊಸದಾಗಿ ಹಾಕಬೇಕು, ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅಪ್ಪನ ಕೊಂಡಿಗೆ ಓಣಿಯಲ್ಲಿ ಹೆಸರಿತ್ತು. ಅವಸರದ ಕೆಲಸ ಬಂದಾಗ ಬೇರೆ ಮನೆಯವರೂ ಅವನನ್ನು ಕರೆದೊಯ್ಯುತ್ತಿದ್ದರು. ಕೂತಲ್ಲಿ ಕೂತು, ತುಟಿ ಬಿಗಿಹಿಡಿದು, ಚಾ ಆರಿಹೋದರೂ ಕಡೆಗಣ್ಣಿನಿಂದಲೂ ನೋಡದೆ ಕೆಲಸ ಮಾಡುತ್ತಿದ್ದ. ಗಂಟು ಅಂದರೆ ಅವನಿಗೆ ಮೈಯುರಿ. ನನ್ನ ಲಂಗದ ಲಾಡಿಗೆ ಗಂಟು ಕಂಡರೂ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದ.

ನಾನಾಗ ಏಳನೆಯ ಇಯತ್ತೆಯಲ್ಲಿದ್ದೆ. ಓಣಿಯ ಹೆಣ್ಣುಮಕ್ಕಳು ಸಾಮಾನ್ಯವಾಗಿ ಏಳನೆಯದಕ್ಕೇ ಮುಗಿಸಿ ಮಗ್ಗಕ್ಕೋ ರಾಟಿಗೋ ಕೂಡುತ್ತಿದ್ದರು. ಅವ್ವನ ಲೆಕ್ಕವೂ ಅದೇ. ಅಪ್ಪನಿಗೆ ಮಾತ್ರ ನಾನು ಹೈಸ್ಕೂಲಿಗೆ ಹೋಗಬೇಕು, ಮಾಸ್ತರಿಕೆ ಮಾಡಬೇಕು ಎಂಬ ಹುಚ್ಚು. ಈ ಜಗಳ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಊಟದ ಹೊತ್ತಿಗೆ ಏಳುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತ ಶುರು ಮಾಡುವಳು, ಅಪ್ಪ ಪುಂಡಿಪಲ್ಯ ಕಲಸುತ್ತ ಮುಗಿಸುವನು. ಅವನ ಕೊನೆಯ ಮಾತು ಯಾವಾಗಲೂ ಒಂದೇ.

"ನನ್ನ ಕೈ ನಡಿಯೂತನಕ ಆಕಿ ಮಗ್ಗ ಮುಟ್ಟಂಗಿಲ್ಲ. ಕೈ ನಿಂತ ಮ್ಯಾಲ ನೋಡೂಣು."

ನಾನು ಪಕ್ಕದ ಕೋಣೆಯಲ್ಲಿ ಪಾಟಿಚೀಲ ತಬ್ಬಿಕೊಂಡು ಇದನ್ನು ಕೇಳುತ್ತಿದ್ದೆ. ಅಪ್ಪನ ಕೈ ನಡೆಯುವ ತನಕ ನಾನು ಸಾಲೆಗೆ. ಇಷ್ಟು ಸ್ಪಷ್ಟವಾಗಿ ಆ ವಯಸ್ಸಿನಲ್ಲಿ ಬೇರೆ ಏನೂ ನನಗೆ ಅರ್ಥವಾಗಿರಲಿಲ್ಲ.

ಮೀನಿನ ಶೋಕಿ ಅಪ್ಪನಿಗೆ ಮೊದಲಿನಿಂದ ಇತ್ತು. ಅಮವಾಸ್ಯೆಗೆ ಮಗ್ಗ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಆ ದಿನ ಅವನು ಬೆಳಗಿನ ಬಸ್ಸಿಗೆ ಹುನಗುಂದ ದಾಟಿ, ಸಂಗಮದ ಕ್ರಾಸಿನಲ್ಲಿಳಿದು, ನಡೆದು ಹೊಳೆಗೆ ಹೋಗುತ್ತಿದ್ದ. ಸಂಗಮದ ಗುಡಿ ಕಾಣುವ ಜಾಗದಲ್ಲಿ ಗಾಳ ಹಾಕಬಾರದೆಂದು ಆಯಿಯ ಆಜ್ಞೆ, ಹಾಗಾಗಿ ಇನ್ನೂ ಮೇಲಕ್ಕೆ, ದೋಣಿ ನಡೆಸುವ ಇಮಾಮಸಾಬ ಕಾಕಾನ ಗುಡಿಸಲಿನ ಹತ್ತಿರ ಕೂಡುತ್ತಿದ್ದ. ತಿಂಗಳಿಗೊಮ್ಮೆ ಹೋದವನು ನಾಲ್ಕು ಸಣ್ಣ ಮೀನು ತರುತ್ತಿದ್ದ, ಅವ್ವ ಹಿತ್ತಲಲ್ಲಿ ಸಾರು ಮಾಡುತ್ತಿದ್ದಳು, ಆಯಿ ಮೂಗಿಗೆ ಸೆರಗು ಹಿಡಿದು ಮುಂಬಾಗಿಲಿಗೆ ಹೋಗಿ ಕೂಡುತ್ತಿದ್ದಳು. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಆ ವರ್ಷ ದೀಪಾವಳಿಯ ನಂತರ ಅವನು ಪ್ರತಿ ರವಿವಾರ ಹೋಗತೊಡಗಿದ. ಆಮೇಲೆ ನಡುವೆ ಬುಧವಾರವೂ ಸೇರಿತು. ಕೇಳಿದರೆ, ಹೊಳೆಯಲ್ಲಿ ಒಂದು ದೊಡ್ಡ ಬಾಳೆ ಮೀನು ಕಂಡಿದೆ, ಅದನ್ನು ಹಿಡಿಯದೆ ಬಿಡುವುದಿಲ್ಲ ಎನ್ನುತ್ತಿದ್ದ. ಹೊಳೆಗೆ ಹೋದ ದಿನ ಮಗ್ಗ ಮುಟ್ಟುವ ಹಾಗಿಲ್ಲ. ಮರುದಿನ ಮೈ ಕೈ ನೋವು. ಸೆರಗಿನ ಹಾಸು ಮೂಲೆಯಲ್ಲಿ ಸುತ್ತಿಟ್ಟದ್ದು ಹಾಗೇ ಇರುತ್ತಿತ್ತು.

"ಮಗ್ಗದ ಮ್ಯಾಲ ಜ್ಯಾಡ ಬಲಿ ಕಟ್ಟೇತಿ ನೋಡ್ರಿ," ಅವ್ವ ಎನ್ನುವಳು. "ಅದನ್ನರ ಹಿಡೀರಿ, ಮೀನ ಆಮ್ಯಾಲ."

"ಒಂದ್ ಹಂಗಾಮ ಬಿಡ ನನ್ನ. ಇಪ್ಪತ್ತ ವರ್ಷ ಕುಣಿಯೊಳಗ ಕಾಲ ಇಟ್ಟೇನಿ."

ಅವ್ವನಿಗೆ ಸಂಶಯ ಬಂತು. ಕುಡಿತವೋ, ಇಸ್ಪೀಟೋ, ಇನ್ನೊಂದೋ. ಅದನ್ನು ನನ್ನೆದುರು ಬಿಡಿಸಿ ಹೇಳಲಿಲ್ಲ, ಆದರೆ ಒಂದು ಶನಿವಾರ ತಲೆ ಬಾಚುತ್ತ ಜಡೆಯನ್ನು ಬೇಕಾದ್ದಕ್ಕಿಂತ ಬಿಗಿಯಾಗಿ ಎಳೆದಳು.

"ನಾಳಿ ನೀ ಅವರ ಸಂಗಟ ಹೋಗು ನಂದಾ. ಏನ್ ಮಾಡ್ತಾರ, ಯಾರ್ ಸಂಗಟ ಕುಂದ್ರತಾರ, ಎಲ್ಲಾ ನೋಡ್ಕೊಂಡ ಬಂದ ನನಗ ಹೇಳು. ಅವರಿಗೆ ಗೊತ್ತಾಗಬಾರದು."

ಹೀಗೆ ನಾನು ಗೂಢಚಾರಿಣಿಯಾಗಿ ಹೊಳೆಗೆ ಹೋದವಳು. ಅಪ್ಪನಿಗೆ ನಾನು ಜೊತೆಯಲ್ಲಿ ಬರುವುದು ಇಷ್ಟವಿಲ್ಲವೆಂದು ಮೊದಲು ಅನಿಸಿತು. ಬಸ್ಸಿನಲ್ಲಿ ಬೇರೆ ಸೀಟಿಗೆ ಹೋಗಿ ಕೂತ. ಹೊಳೆಯ ದಂಡೆಗೆ ಇಳಿಯುವ ಕಲ್ಲುದಾರಿಯಲ್ಲಿ ಮಾತ್ರ ನನ್ನ ಹೆಗಲ ಮೇಲೆ ಕೈಯಿಟ್ಟು ನಡೆದ. ಪ್ರೀತಿಗೆ ಇಟ್ಟನೆಂದು ನಾನು ಬೀಗಿದೆ.

ಕುಡಿತವೂ ಇರಲಿಲ್ಲ, ಇಸ್ಪೀಟೂ ಇರಲಿಲ್ಲ. ಇದ್ದದ್ದು ಬಿಸಿಲು, ಬೇಸರ, ಮತ್ತು ಬಾರದ ಮೀನು. ಬಾಳೆ ಮೀನಿಗೆ ಮೈಮೇಲೆ ಹುರುಪೆ ಇಲ್ಲ, ಉದ್ದ ಮೈ, ಕಿವಿಯ ತನಕ ಸೀಳಿದಂಥ ಬಾಯಿ, ಎರಡು ಉದ್ದ ಮೀಸೆ. ಉಳಿದ ಮೀನುಗಳನ್ನೇ ತಿಂದು ಬದುಕುವಂಥದ್ದು. ಗಾಳಕ್ಕೆ ಜೀವಂತ ಸಣ್ಣ ಮೀನು ಚುಚ್ಚಿ ದೂರಕ್ಕೆಸೆದು, ಕೈಯಿಂದ ದಾರ ನಿಧಾನ ಎಳೆದುಕೊಳ್ಳಬೇಕು. ಮತ್ತೆ ಎಸೆಯಬೇಕು. ಮತ್ತೆ ಎಳೆಯಬೇಕು. ಮಧ್ಯಾಹ್ನ ರೊಟ್ಟಿ, ಶೇಂಗಾ ಚಟ್ನಿ, ಆಮೇಲೆ ಮತ್ತೆ ಅದೇ. ಮೂರು ರವಿವಾರ ಕಳೆದರೂ ಒಂದು ಬಾಲವೂ ಕಾಣಲಿಲ್ಲ. ದಾರ ಎಳೆದೆಳೆದು ಅಪ್ಪನ ಕೈಗೆ ಗೆರೆ ಬಿದ್ದು ಚರ್ಮ ಸುಲಿಯಿತು. ಇಮಾಮಸಾಬ ಕಾಕಾ ದೋಣಿಗೆ ಡಾಂಬರು ಬಳಿಯುತ್ತ ನಮ್ಮನ್ನು ನೋಡಿ ನಗುತ್ತಿದ್ದ.

"ಲೇ ಈರಪ್ಪಾ, ಅದು ಹಸದು ಬರೂ ಮೀನ ಅಲ್ಲೋ. ಹಿಂದ ಹಿಂದ ದಂಡಿತನಕ ಬರ್ತೈತಿ, ನಿನ್ನ ಮಾರಿ ನೋಡ್ತೈತಿ, ಹೊಳ್ಳಿ ಹೋಗ್ತೈತಿ. ಕಡೀಕ್ ಒಂದ್ ಮಾರು ದಾರ ಇರೂ ಮುಂದ ಕಣ್ಣ ಕೀಳಬ್ಯಾಡ. ಎಲ್ಲಾರೂ ಅಲ್ಲೇ ಸೋಲ್ತಾರ."

ಈಗ, ಅಣೆಕಟ್ಟಿನಿಂದ ಹೊಳೆ ಹಿನ್ನೀರಾದ ಮೇಲೆ, ಆ ದಂಡೆಗೆ ಬಾಗಲಕೋಟೆಯ ಕಡೆಯಿಂದ ಬೈಕಿನ ಮೇಲೆ ಹುಡುಗರು ಬರುತ್ತಾರಂತೆ. ಚಕ್ರ ಇರುವ ಕೋಲು, ಬಣ್ಣದ ಪ್ಲಾಸ್ಟಿಕ್ ಮೀನು, ಕಪ್ಪು ಕನ್ನಡಕ. ಹಿಡಿದು, ಫೋಟೋ ತೆಗೆದು, ತಿರುಗಿ ಬಿಡುತ್ತಾರಂತೆ. ನನ್ನ ಮಗಳು ಮೊಬೈಲಿನಲ್ಲಿ ತೋರಿಸಿದಳು, ಒಬ್ಬಾತ ಇಡೀ ಹಂಗಾಮಿನಲ್ಲಿ ತಾನು ಕಲಿತ ಪಾಠಗಳನ್ನು ಬೆರಳು ಮಡಚುತ್ತ ಹೇಳುತ್ತಿದ್ದ. ತಾಳ್ಮೆ ಇರಬೇಕು. ದಾರವನ್ನು ಮತ್ತೆ ಮತ್ತೆ ನೋಡಿಕೊಳ್ಳಬೇಕು. ಕೊನೆಯ ಗಳಿಗೆಯ ತನಕ ಕಣ್ಣು ನೀರಿನ ಮೇಲಿರಬೇಕು. ಎಲ್ಲ ಖರೆ. ಅವನು ಐದನೆಯ ಬೆರಳಿಗೆ ಬರುವ ಮೊದಲೇ ನಾನು ಬಂದ್ ಮಾಡು ಎಂದೆ. ನನಗೆ ಆ ಪಾಠಗಳನ್ನು ಇನ್ನೊಮ್ಮೆ ಕೇಳುವ ತ್ರಾಣವಿಲ್ಲ.

ನಾಲ್ಕನೆಯ ರವಿವಾರ ಅದು ಬಂತು. ನಾನು ಬಂಡೆಯ ಮೇಲೆ ಕೂತಿದ್ದೆ, ಅಪ್ಪ ಮೊಣಕಾಲ ನೀರಿನಲ್ಲಿ ನಿಂತು ಎಳೆಯುತ್ತಿದ್ದ. ಗಾಳದ ಹಿಂದೆ ನೀರಿನ ಕೆಳಗೆ ಒಂದು ಕಪ್ಪು ಅಗಲ ತಲೆ, ಅದರ ಹಿಂದೆ ನನ್ನಷ್ಟೇ ಉದ್ದದ ಮೈ. ಅವಸರವಿಲ್ಲದೆ ಬರುತ್ತಿತ್ತು. ದಂಡೆಯ ಹತ್ತಿರ ಗಾಳವನ್ನು ಬಿಟ್ಟು ಬಲಕ್ಕೆ ಸರಿದು ಅಪ್ಪನ ಕಾಲಿನ ಪಕ್ಕ, ಒಂದು ಗೇಣು ದೂರದಲ್ಲಿ ನಿಂತಿತು. ಮೀಸೆ ಆಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಅಪ್ಪ ನೇರ ಮುಂದೆ ಹೊಳೆಯನ್ನು ನೋಡುತ್ತಿದ್ದ.

"ಅಪ್ಪಾ, ಬಲಕ್ಕ," ಎಂದು ಪಿಸುಗುಟ್ಟಿದೆ. "ನಿನ್ನ ಕಾಲಾಗ ಐತಿ."

ಅವನು ಕಣ್ಣಷ್ಟೇ ಹೊರಳಿಸಬೇಕಿತ್ತು. ಅದರ ಬದಲು ಇಡೀ ತಲೆಯನ್ನು, ಹೆಗಲನ್ನು, ಸೊಂಟವನ್ನು ತಿರುಗಿಸಿದ. ನೀರು ಕಲಕಿತು, ಮೀನು ಹೋಯಿತು.

"ಎಲ್ಲೈತಿ?" ಎಂದ.

ಮಧ್ಯಾಹ್ನ ಉಣ್ಣುವಾಗ ನಾನು ಅವನ ಬಲಕ್ಕೆ ಕೂತೆ. ರೊಟ್ಟಿಯನ್ನು ಅವನ ಕೆನ್ನೆಯ ಪಕ್ಕ ಸುಮ್ಮನೆ ಹಿಡಿದೆ. ತೆಗೆದುಕೊಳ್ಳಲಿಲ್ಲ. ಸ್ವಲ್ಪ ಸ್ವಲ್ಪವೇ ಮುಂದೆ ಸರಿಸಿದೆ. ರೊಟ್ಟಿ ಅವನ ಮೂಗಿನ ನೇರಕ್ಕೆ ಬಂದಾಗ, ಆಗ ಮಾತ್ರ, ಕೈಯೆತ್ತಿ ತೆಗೆದುಕೊಂಡ. ಬೇರೆ ಬೇರೆ ನೆಪದಲ್ಲಿ ಆ ದಿನ ಮೂರು ಸಲ ಹಾಗೆ ಮಾಡಿ ನೋಡಿದೆ. ಹನ್ನೆರಡು ವರ್ಷದ ಹುಡುಗಿ ಮಾಡಬಹುದಾದ ಅತ್ಯಂತ ಕ್ರೂರ ಪರೀಕ್ಷೆ ಅದು, ಮಾಡುವಾಗ ನನಗೆ ಆಟದಂತಿತ್ತು. ಮೂರನೆಯ ಸಲಕ್ಕೆ ಎಲ್ಲ ಒಂದಕ್ಕೊಂದು ಕೂಡಿಕೊಂಡಿತು, ಅವನಿಗೆ ಬದಿಯದು ಕಾಣುತ್ತಿರಲಿಲ್ಲ. ಕಲ್ಲುದಾರಿಯಲ್ಲಿ ಹೆಗಲ ಮೇಲಿಡುತ್ತಿದ್ದ ಕೈ, ಆ ವರ್ಷವೇ ಬಸ್ ನಿಲ್ದಾಣದ ಹತ್ತಿರ ಅವನು ಕೊಂಡು ತಂದಿದ್ದ ಚಾಳೀಸಿನ ಕನ್ನಡಕ, ಮೂಲೆಯಲ್ಲಿ ಬಿದ್ದ ಸೆರಗಿನ ಹಾಸು, ಮೀನು ಮುಟ್ಟಿದ ಕೈ ಮಗ್ಗ ಮುಟ್ಟಬಾರದೆಂಬ ಕಟ್ಟಳೆ. ಅಪ್ಪ ಹೊಳೆಗೆ ಬರುತ್ತಿದ್ದದ್ದು ಮೀನಿಗಲ್ಲ. ಕೊಂಡಿ ಹಾಕದೆ ಇರುವುದಕ್ಕೆ ಮರ್ಯಾದೆಯ ಒಂದು ಕಾರಣ ಬೇಕಾಗಿತ್ತು, ಆಯಿಯ ಕಟ್ಟಳೆ ಅದನ್ನು ಕೊಟ್ಟಿತ್ತು.

ಆ ಸಂಜೆ ಹಿತ್ತಲಲ್ಲಿ ಕಾಲು ತೊಳೆಯುವಾಗ ಅವ್ವ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ಏನ್ ಕಂಡಿ?"

"ಏನಿಲ್ಲ ಬೇ. ಮೀನ ಹಿಡಿತಾನ. ಕಾಕಾನ ಸಂಗಟ ಮಾತಾಡ್ತಾನ."

"ಮತ್ತೇನಿಲ್ಲ?"

"ಮತ್ತೇನಿಲ್ಲ."

ಅವ್ವನ ಮುಖದಲ್ಲಿ ಸಮಾಧಾನ ಮೂಡಿತು. ನಾನು ಅಪ್ಪನ ಮಾನ ಕಾಪಾಡಲು ಸುಮ್ಮನಿದ್ದೆ ಎಂದು ಬರೆಯಬಹುದಿತ್ತು, ಓದುವವರಿಗೂ ಚೆನ್ನಾಗಿರುತ್ತಿತ್ತು. ಅದು ಸುಳ್ಳು. ಅಪ್ಪನ ಕೈ ನಡೆಯುವ ತನಕ ನಾನು ಸಾಲೆಗೆ. ಕೈ ನಡೆಯುವುದಿಲ್ಲವೆಂದು ಗೊತ್ತಾದ ದಿನ ಕುಣಿಯೊಳಗೆ ಇಳಿಯಬೇಕಾದದ್ದು ನನ್ನ ಕಾಲು. ಪರೀಕ್ಷೆ ಮುಗಿಯಲಿ, ಹೈಸ್ಕೂಲಿನಲ್ಲಿ ಹೆಸರು ಹಚ್ಚಿಬಿಡಲಿ, ಆಮೇಲೆ ಹೇಳಿದರಾಯಿತು ಎಂದು ಮನಸ್ಸಿನಲ್ಲೇ ಗಡುವು ಹಾಕಿಕೊಂಡೆ. ಚಾಳೀಸು ತಾನೆ, ವಯಸ್ಸಾದವರಿಗೆಲ್ಲ ಬರುತ್ತದೆ, ಅದೇನು ಓಡಿಹೋಗುವುದಿಲ್ಲ ಎಂದುಕೊಂಡೆ. ಹೀಗೆ ಪ್ರತಿ ರವಿವಾರ ಅಪ್ಪನೊಂದಿಗೆ ಹೋಗುವುದು, ಅವನಿಗೆ ಕಾಣದ್ದನ್ನು ನೋಡುವುದು, ಸಂಜೆ ಮನೆಗೆ ಬಂದು ಏನೂ ಇಲ್ಲವೆನ್ನುವುದು. ಅದರ ನಡುವೆ ಅಪ್ಪನೂ ನಾನೂ ಭಾಳ ಹತ್ತಿರವಾದೆವು, ಇದನ್ನೂ ಹೇಳಲೇಬೇಕು. ಗಾಳಕ್ಕೆ ಮೀನು ಚುಚ್ಚುವುದು ನನ್ನ ಕೆಲಸವಾಯಿತು. "ಬಿಸಲಿಗೆ ಕಣ್ಣ ಕುಕ್ತಾವ" ಎನ್ನುತ್ತಿದ್ದ, ನಾನು "ಹೌದು, ನನಗೂ" ಎನ್ನುತ್ತಿದ್ದೆ.

ದಾರವನ್ನು ಮಾತ್ರ ಅವನು ನನಗೆ ಬಿಟ್ಟುಕೊಡಲಿಲ್ಲ. ಪೇಟೆಯ ನೈಲಾನ್ ದಾರ ಅವನಿಗೆ ಸೇರದು. ಉಳಿದ ಸೆರಗಿನ ರೇಷ್ಮೆ ಎಳೆಗಳನ್ನು ಅವ್ವನ ರಾಟಿಯಲ್ಲಿ ಹುರಿಗೊಳಿಸಿ ತಾನೇ ದಾರ ಮಾಡಿಕೊಂಡಿದ್ದ. ತುಂಡುಗಳನ್ನು ಜೋಡಿಸುವಲ್ಲಿ ಯಾವ ಮೀನುಗಾರನಾದರೂ ಗಂಟು ಹಾಕುತ್ತಾನೆ. ಅಪ್ಪ ಹಾಕಲಿಲ್ಲ. ಸೀರೆಗೆ ಹಾಕಿದ ಹಾಗೆ ಕೊಂಡಿ ಹಾಕಿ, ಮೇಲೆ ಗಂಜಿ ಸವರಿ ಒಣಗಿಸಿದ. ನೀರಿನಲ್ಲಿ ಗಂಜಿ ಕರಗುತ್ತದೆಂಬುದು ಮಗುವಿಗೂ ಗೊತ್ತು, ಆದರೆ ಹುಟ್ಟಿದಾಗಿನಿಂದ ಎಳೆಗೆ ಗಂಜಿ ಸವರಿದ ಕೈಗೆ ಅದು ಹೊಳೆಯಲಿಲ್ಲ. ಶಿವರಾತ್ರಿಯ ಹಿಂದಿನ ವಾರ, ಶನಿವಾರ ಸಂಜೆ ಅವನು ಹಿತ್ತಲಲ್ಲಿ ಹೊಸ ತುಂಡು ಜೋಡಿಸುವಾಗ ನಾನು ಪಕ್ಕದಲ್ಲಿ ಭೂಗೋಳ ಓದುತ್ತಿದ್ದೆ. ಒಂದು ಕುಣಿಕೆ ಇನ್ನೊಂದರ ಒಳಗೆ ಹೋಗಲಿಲ್ಲ. ಪಕ್ಕದಲ್ಲಿ ಹಾದು, ಮೇಲೆ ಕೂತಿತು ಅಷ್ಟೇ. ಅವನು ಬೆರಳಿನಿಂದ ಒತ್ತಿ, ಗಂಜಿ ಸವರಿ, ತೃಪ್ತಿಯಿಂದ ಉಫ್ ಎಂದು ಊದಿದ. ನಾನು ನೋಡಿದೆ. ಹೇಳಿದರೆ ನನಗೆ ಗೊತ್ತಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಒಂದು ಮೀನು ತಾನೆ ಎಂದು ಪುಟ ತಿರುವಿದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ದಾರ ಅವನ ಕೈಯಿಂದ ಕಿತ್ತುಕೊಂಡು ಹೋದ ಹಾಗೆ ಓಡಿತು. ಅಪ್ಪ ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿದ. ಇಮಾಮಸಾಬ ಕಾಕಾ ದೋಣಿ ಬಿಟ್ಟು ಓಡಿಬಂದ. ಮೀನು ಒಮ್ಮೆ ಮೇಲೆ ಬಂದು ಬಿಳಿಯ ಹೊಟ್ಟೆ ತೋರಿಸಿ ಮುಳುಗಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅಪ್ಪ ನಗುತ್ತಿದ್ದ, ಸಣ್ಣವನಂತೆ ಬಾಯಿ ತೆರೆದು. "ನಂದಾ, ನೋಡಿಲ್ಲಿ, ನನ್ನ ಕೈ ನೋಡು" ಎಂದ. ಅಷ್ಟರಲ್ಲಿ ದಾರ ಸಡಿಲವಾಯಿತು, ಅವನು ನೀರಿನಲ್ಲಿ ಕುಂಡೆಯೂರಿ ಕೂತ.

ಕಾಕಾ ದಾರ ಎಳೆದುಕೊಂಡು ತುದಿಯನ್ನು ಬೆಳಕಿಗೆ ಹಿಡಿದ. ಹರಿದಿದ್ದರೆ ಎಳೆಗಳು ಕೆದರಿರುತ್ತಿದ್ದವು. ಕುಣಿಕೆ ಹಾಕಿದ್ದು ಹಾಕಿದ ಹಾಗೇ, ದುಂಡಗೆ, ಇಡಿಯಾಗಿತ್ತು.

"ಈರಪ್ಪಾ, ದಾರ ಹರದಿಲ್ಲೋ."

ಅಪ್ಪ ತುದಿಯನ್ನು ಇಸಕೊಂಡು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದ. ಕಣ್ಣಿಗಿಂತ ಅವನ ಬೆರಳು ಪ್ರಾಮಾಣಿಕವಾಗಿತ್ತು. ಆಮೇಲೆ ಮುಖವನ್ನು ಪೂರ್ತಿ ನನ್ನ ಕಡೆಗೆ ತಿರುಗಿಸಿ ನೋಡಿದ. ನಾನು ರೊಟ್ಟಿಯ ಗಂಟು ಕಟ್ಟುವ ನೆಪದಲ್ಲಿ ತಲೆ ಬಗ್ಗಿಸಿದೆ. ಬಸ್ಸಿನಲ್ಲಿ ಇಳಕಲ್ ಬರುವ ತನಕ ಅವನು ಆ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದ. ಅದಾದ ಮೇಲೆ ಅವನು ಹೊಳೆಗೆ ಹೋಗಲಿಲ್ಲ. ಹೋಗದಿದ್ದ ಮೇಲೆ ಮಗ್ಗಕ್ಕೆ ಕೂಡದೆ ಗತಿಯಿರಲಿಲ್ಲ. ಕೂತ, ನಾಲ್ಕು ದಿನ ಒದ್ದಾಡಿ ಕೊಂಡಿ ಹಾಕಿದ. ನೇಯುತ್ತ ಸೆರಗಿಗೆ ಬಂದಾಗ ಅವ್ವ ಹಾಸನ್ನು ಬಿಗಿ ಮಾಡಲು ಎಳೆದಳು. ಅಂಗೈ ಅಗಲದಷ್ಟು ಎಳೆಗಳು ಒಟ್ಟಿಗೇ ಬಿಚ್ಚಿಕೊಂಡು ಆಕೆಯ ಕೈಯಲ್ಲಿ ಬಂದವು. ಅವ್ವ ಕೂಗಾಡಲಿಲ್ಲ. ಎಳೆಗಳನ್ನು ಮಡಿಲಲ್ಲಿಟ್ಟುಕೊಂಡು ಅಪ್ಪನ ಮುಖದೆದುರು ಕೈಯಾಡಿಸಿದಳು, ಮುಂದೆ, ಎಡಕ್ಕೆ, ಬಲಕ್ಕೆ. ನಾನು ರೊಟ್ಟಿಯಿಂದ ಮಾಡಿದ್ದನ್ನೇ ಆಕೆ ಬರಿಗೈಯಿಂದ ಮಾಡಿದಳು, ಒಂದೇ ಸಲ, ಎಲ್ಲರೆದುರು.

ಬಾಗಲಕೋಟೆಯ ಕಣ್ಣಿನ ದವಾಖಾನೆಗೆ ನಾವು ಮೂವರೂ ಹೋದೆವು. ಡಾಕ್ಟರು ಒಳ್ಳೆಯವರು, ಅವಸರ ಮಾಡಲಿಲ್ಲ. ಇದು ಚಾಳೀಸಲ್ಲ, ಕಣ್ಣೊಳಗಿನ ಒತ್ತಡ ಏರಿ ಬದಿಯಿಂದ ನೋಟ ತಿನ್ನುತ್ತ ಬರುವ ಬೇನೆ, ನೋವೇ ಇರುವುದಿಲ್ಲ ಎಂದು ಬಿಡಿಸಿ ಹೇಳಿದರು. ಬಲಗಣ್ಣು ಪೂರ್ತಿ ಹೋಗಿತ್ತು. ಎಡಗಣ್ಣಿನಲ್ಲಿ ನಡುವಿನ ಒಂದಿಷ್ಟು ಉಳಿದಿತ್ತು. ಅದನ್ನು ಹನಿ ಹಾಕಿ ಉಳಿಸಿಕೊಳ್ಳಬೇಕು, ಹೋದದ್ದು ತಿರುಗಿ ಬರುವುದಿಲ್ಲ.

"ದೀಪಾವಳಿ ಸುಮಾರಿಗೆ ಕರ್ಕೊಂಡ ಬಂದಿದ್ರ ಇನ್ನೂ ಭಾಳ ಉಳೀತಿತ್ರಿ," ಎಂದರು. "ಮನ್ಯಾಗ ಯಾರಿಗೂ ಗೊತ್ತಾಗ್ಲಿಲ್ಲೇನ್ರಿ?"

ಅವ್ವ ಇಲ್ಲವೆಂದಳು. ನಾನು ಗೋಡೆಯ ಮೇಲಿನ ಅಕ್ಷರಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನ ತನಕ ಓದಿದೆ. ಕೊನೆಯ ಸಾಲಿನ ಸಣ್ಣ ಅಕ್ಷರಗಳೂ ನನಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಏಳನೆಯದರ ಪರೀಕ್ಷೆಯನ್ನು ಬರೆದೆ, ಪಾಸಾದೆ, ಆ ಬೇಸಿಗೆಯಲ್ಲೇ ಕುಣಿಗೆ ಇಳಿದೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಬೇಡವೆನ್ನುವ ಹಕ್ಕು ಅಪ್ಪನಿಗೆ ಉಳಿದಿರಲಿಲ್ಲ, ನನಗಂತೂ ಇರಲೇ ಇಲ್ಲ. ಇಳಿದು ನಲವತ್ತು ವರ್ಷವಾಗುತ್ತ ಬಂತು, ಈಗ ಹೆಗಲು ಎತ್ತಲು ಬಾರದು, ನನ್ನ ಕಣ್ಣಿಗೂ ದಿನಕ್ಕೆರಡು ಹೊತ್ತು ಹನಿ. ಅದನ್ನೆಲ್ಲ ಹೇಳಿ ಕರುಣೆ ಗಳಿಸುವ ಆಸೆಯಿಲ್ಲ. ನಾನು ಹೇಳಬೇಕಾದದ್ದು ಬಾಗಲಕೋಟೆಯಿಂದ ತಿರುಗಿ ಬಂದ ಆ ಸಂಜೆಯದು.

ಅವ್ವ ಒಳಗಿನ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಆಯಿ ಮೂಲೆಯಲ್ಲಿ ಕಣ್ಣು ಮುಚ್ಚಿ ಕೂತಿದ್ದಳು. ಅಪ್ಪ ಗೋಡೆಗೊರಗಿದ್ದ, ನಾನು ಅವನ ತಾಟಿನ ಪಕ್ಕ ನೀರಿಟ್ಟೆ. ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ನಂದಾ," ಅವ್ವ ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಮೂರ ತಿಂಗಳ ನೀ ಅವರ ಸಂಗಟ ಹೋದಿ. ನಾ ಕೇಳಿದಾಗೆಲ್ಲ ಏನಿಲ್ಲ ಅಂದಿ. ನಿನಗ ಖರೇನ ಕಾಣಲಿಲ್ಲೇನು?"

ನಾನು ಬಾಯಿ ತೆರೆದೆ. ಏನು ಹೇಳಬೇಕೆಂದಿದ್ದೆನೋ ಈಗ ನೆನಪಿಲ್ಲ, ನಿಜ ಹೇಳುತ್ತಿದ್ದೆನೆಂದು ನಂಬಲು ನನಗೆ ಇಷ್ಟ. ಅಷ್ಟರಲ್ಲಿ ಅಪ್ಪ ಮಾತಾಡಿದ.

"ಆಕಿಗೆ ಯಾಕ ಕೇಳ್ತಿ? ಆಕಿ ಮೊದಲ ದಿವಸನ ಹಿಡದಿದ್ಲು. ಹೇಳಿದ್ರ ನನ್ನ ಹೆಣ ನೋಡ್ತಿ ಅಂತ ನಾನ ಆಣಿ ಹಾಕಿಸೀನಿ. ಕೂಸು ಏನ್ ಮಾಡೀತು?"

ಅವ್ವ ಕಣ್ಣಿಗೆ ಸೆರಗು ಒತ್ತಿಕೊಂಡಳು. ಆಮೇಲೆ ಎದ್ದು ಬಂದು, ಹಿಟ್ಟಿನ ಕೈಯಲ್ಲೇ ನನ್ನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು, ಇಷ್ಟು ಭಾರ ಹೊತ್ತುಕೊಂಡು ಹೆಂಗ ತಿರುಗಿದಿ ನನ್ನ ಮಗಳ ಎಂದು ಕೇಳಿದಳು. ಸಾಯುವ ತನಕ ಆಕೆ ಬಂದವರೆದುರೆಲ್ಲ ಆ ಮಾತು ಹೇಳಿದಳು, ನನ್ನ ಮಗಳು ಅಪ್ಪನ ಆಣೆಗೆ ತಪ್ಪಲಿಲ್ಲ ಎಂದು.

"ಹೌದಿಲ್ಲ ನಂದಾ?" ಅಪ್ಪ ನನ್ನ ಕಡೆಗೆ ಪೂರ್ತಿ ತಿರುಗಿ ಕೇಳಿದ. ಅವನು ನನ್ನಿಂದ ಯಾವ ಆಣೆಯನ್ನೂ ಮಾಡಿಸಿರಲಿಲ್ಲ. ಅವ್ವನ ಸೀರೆಯೊಳಗಿಂದ ನಾನು ಹೌದು ಎಂದೆ.